18 ಮೀಟರಿನ ಕೆಳಗೆ

ಮುಂಬೈಯಿಂದ ಹೊರಟ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಕಲಬುರಗಿ, ವಾಡಿ, ತಾಂಡೂರು ದಾಟಿ ಕೊನೆಗೆ ನಿಲ್ಲುವುದು ನಾಂಪಲ್ಲಿಯಲ್ಲಿ. ಬೋರ್ಡಿನ ಮೇಲೆ ಹೈದರಾಬಾದ್ ಡೆಕ್ಕನ್ ಎಂದಿದ್ದರೂ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದು ನಾಂಪಲ್ಲಿ ಟೇಶನ್ನೇ. 1956ರವರೆಗೆ ಬೀದರ, ಕಲಬುರಗಿ, ರಾಯಚೂರಿನವರಿಗೆ ಇದೇ ರಾಜಧಾನಿ. ಕೋರ್ಟು ಕಚೇರಿಯ ಕೆಲಸಕ್ಕೆ ಬಂದವರೂ ಜನವರಿಯಾದರೆ ನುಮಾಯಿಷ್ ನೋಡದೆ ಮರಳುತ್ತಿರಲಿಲ್ಲ.

ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು 1938ರಲ್ಲಿ ಪಬ್ಲಿಕ್ ಗಾರ್ಡನ್ನಿನಲ್ಲಿ ಶುರು ಮಾಡಿದ ಈ ವಸ್ತುಪ್ರದರ್ಶನ 1946ರಲ್ಲಿ ನಾಂಪಲ್ಲಿಯ ಈಗಿನ ಮೈದಾನಕ್ಕೆ ಬಂತು. ವರ್ಷಕ್ಕೆ ಒಂದೂವರೆ ತಿಂಗಳು ಇಲ್ಲಿ ಬಿದಿರು, ತಗಡು, ಬಟ್ಟೆಯದೊಂದು ಊರು ಎದ್ದು ನಿಲ್ಲುತ್ತದೆ. ಕಾಶ್ಮೀರಿ ಶಾಲು, ಲಖನೌ ಚಿಕನ್ ಬಟ್ಟೆ, ಸೋಫಾ, ಆಟಿಕೆ ಎಲ್ಲವೂ ಒತ್ತೊತ್ತಾಗಿ. ಬೆಂಕಿಗೆ ಇದಕ್ಕಿಂತ ಒಳ್ಳೆಯ ಉಣಿಸು ಸಿಗುವುದು ಕಷ್ಟ.

2019ರ ಜನವರಿ 30ರ ರಾತ್ರಿ ಅದೇ ಆಯಿತು. ಎಂಟೂವರೆಯ ಸುಮಾರಿಗೆ, ಜಾತ್ರೆ ತುಂಬಿ ತುಳುಕುವ ಹೊತ್ತಿನಲ್ಲಿ, ಒಂದು ಮಳಿಗೆಯಲ್ಲಿ ಕಂಡ ಬೆಂಕಿ ಸಾಲಿನಿಂದ ಸಾಲಿಗೆ ಹಾರಿ ನೂರಕ್ಕೂ ಹೆಚ್ಚು ಮಳಿಗೆಗಳನ್ನು ಸುಟ್ಟಿತು. ಫೈರ್ ಎಂಜಿನ್ ಬರುವುದು ತಡವಾಯಿತೆಂದು ವ್ಯಾಪಾರಿಗಳು ರೇಗಿದರು. ಆದರೆ ಒಂದು ಜೀವವೂ ಹೋಗಲಿಲ್ಲ. ಮಾಲು ಉರಿಯುತ್ತಿದ್ದಾಗಲೇ ಸಾವಿರಾರು ಜನ ಗೇಟು ದಾಟಿ ಹೊರಗೆ ಬಂದಿದ್ದರು.

ಆಮೇಲೆ ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ನುಮಾಯಿಷ್ ನಡೆಸುವ ಎಕ್ಸಿಬಿಷನ್ ಸೊಸೈಟಿ ನೆಲದಡಿ ನೀರಿನ ಸಂಪು ಕಟ್ಟಿಸಿತು, ಹೈಡ್ರಂಟ್ ಕೊಳವೆ ಎಳೆಸಿತು, ಮಳಿಗೆಗಳ ನಡುವಿನ ದಾರಿ ಅಗಲ ಮಾಡಿತು. ಈಗ ಪ್ರತಿ ವರ್ಷ ಅಗ್ನಿಶಾಮಕ ಇಲಾಖೆಯವರು ನೋಡಿ ಒಪ್ಪಿದ ಮೇಲೆಯೇ ಬಾಗಿಲು ತೆರೆಯುವುದು. ಸಂಜೆಯಾದರೆ ಮೈದಾನದೊಳಗೇ ನೀರು ತುಂಬಿದ ಗಾಡಿಗಳು ನಿಂತಿರುತ್ತವೆ. ಗುಂಪಿನಲ್ಲಿ ಪೊಲೀಸರ ಶೀ ಟೀಮ್‌ನವರು ಮಫ್ತಿಯಲ್ಲಿ ಓಡಾಡುತ್ತಾರೆ. 2014ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲೇ ಹುಟ್ಟಿದ ಈ ಪಡೆಯ ಕೆಲಸ ಹೆಣ್ಣುಮಕ್ಕಳ ಮೈಗೆ ಕೈ ತಾಗಿಸುವವರನ್ನು ಸ್ಥಳದಲ್ಲೇ ಹಿಡಿಯುವುದು. ಸಿಕ್ಕಿಬಿದ್ದವರಲ್ಲಿ ಕೆಲವರಿಗೆ ಕೋರ್ಟು, ಹುಡುಗರಾದರೆ ಅಪ್ಪ ಅಮ್ಮನನ್ನು ಕರೆಸಿ ಎದುರಿಗೇ ಬುದ್ಧಿವಾದ. ಎರಡನೆಯದೇ ಹೆಚ್ಚು ನಾಟುತ್ತದೆ ಎಂದು ನನ್ನ ಅನುಮಾನ.

ಬಜಾರ್‌ಘಾಟ್ ಇದೇ ನಾಂಪಲ್ಲಿಯ ಒಂದು ಓಣಿ. ಮೈದಾನಕ್ಕೆ ದೂರವೇನಲ್ಲ. 2023ರ ನವೆಂಬರ್ 13, ದೀಪಾವಳಿಯ ಮರುದಿನ ಬೆಳಿಗ್ಗೆ, ಅಲ್ಲಿನ ಒಂದು ವಸತಿ ಕಟ್ಟಡದ ಕೆಳಗೆ ಬೆಂಕಿ ಹತ್ತಿತು. ಕಾರು ನಿಲ್ಲಿಸುವ ಜಾಗದಲ್ಲಿ ರಾಸಾಯನಿಕದ ಡ್ರಮ್ಮುಗಳನ್ನು ಪೇರಿಸಿಟ್ಟಿದ್ದರು. ಅಂಥ ಸರಕು ಉರಿದಾಗ ಏಳುವುದು ಜ್ವಾಲೆಗಿಂತ ಹೆಚ್ಚಾಗಿ ಕರೀ ಹೊಗೆ. ಆ ಹೊಗೆಗೆ ಮೇಲೇರಲು ಸಿಗುವ ಸುಲಭದ ದಾರಿ ಮೆಟ್ಟಿಲು. ಮನೆಯವರಿಗೆ ಕೆಳಗಿಳಿಯಲು ಇರುವುದೂ ಅದೇ ಮೆಟ್ಟಿಲು. ಅಂದೇ ಒಂಬತ್ತು ಜನ ಸತ್ತರು, ಹೆಚ್ಚಿನವರು ಉಸಿರುಗಟ್ಟಿ. ಕಿಟಕಿಗೆ ಏಣಿ ಹಚ್ಚಿ ಒಬ್ಬ ಹೆಂಗಸನ್ನೂ ಮಗುವನ್ನೂ ಇಳಿಸಿಕೊಂಡ ದೃಶ್ಯವನ್ನು ಟಿ.ವಿ.ಗಳು ಇಡೀ ದಿನ ತೋರಿಸಿದವು. ಓಣಿಯ ಹುಡುಗರು ಅಗ್ನಿಶಾಮಕ ಸಿಬ್ಬಂದಿಯ ಜೊತೆ ಕೈಜೋಡಿಸಿದ್ದರು.

ತೆಲಂಗಾಣದ ನಿಯಮದಂತೆ ವಸತಿ ಕಟ್ಟಡವೊಂದು ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಪಡೆಯಬೇಕಾಗುವುದು 18 ಮೀಟರ್ ಎತ್ತರದಿಂದ ಮೇಲಕ್ಕೆ. ಹಳೇ ನಾಂಪಲ್ಲಿಯ ಮೂರು ನಾಲ್ಕು ಅಂತಸ್ತಿನ ಮನೆಗಳು ಸಾಮಾನ್ಯವಾಗಿ ಆ ಗೆರೆಯ ಕೆಳಗೇ ಉಳಿಯುತ್ತವೆ. ನುಮಾಯಿಷಿನ ಬಟ್ಟೆ ಅಂಗಡಿಯನ್ನು ಪ್ರತಿ ವರ್ಷ ನೋಡುವ ಕಣ್ಣು ವರ್ಷವಿಡೀ ಜನ ಮಲಗೇಳುವ ಮನೆಯ ಮೆಟ್ಟಿಲಿನ ಮೇಲೆ ಬೀಳುವುದಿಲ್ಲ. ಇಲಾಖೆಯವರನ್ನು ಬೈಯುವುದು ಸುಲಭ. ಅವರ ಕೈಯಲ್ಲಿ ಕಾಗದವೇ ಇಲ್ಲದ ಕಡೆ ಉಳಿಯುವುದು ಕಲಿಸುವ ಕೆಲಸ.

ಆ ಕೆಲಸಕ್ಕೊಂದು ವಾರವಿದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದು 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ದೇಶವೆಲ್ಲ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. ಶಾಲೆ, ಆಸ್ಪತ್ರೆ, ಅಪಾರ್ಟ್‌ಮೆಂಟುಗಳಿಗೆ ಸಿಬ್ಬಂದಿ ಹೋಗಿ ಉರಿಯುವ ಗ್ಯಾಸ್ ಸಿಲಿಂಡರಿನ ಮೇಲೆ ಒದ್ದೆ ಗೋಣಿ ಹೊದಿಸಿ ಆರಿಸಿ ತೋರಿಸುತ್ತಾರೆ. ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಿನ್ ಎಳೆದು, ಜ್ವಾಲೆಯ ತುದಿಗಲ್ಲ ಬುಡಕ್ಕೆ ಗುರಿಯಿಟ್ಟು ಆಚೀಚೆ ಬೀಸಲು ಕಲಿಸುತ್ತಾರೆ. ಮೆಟ್ಟಿಲಲ್ಲಿ ಹೊಗೆಯಿದ್ದರೆ ಇಳಿಯಬಾರದು, ಬಾಗಿಲು ಮುಚ್ಚಿ ಸಂದಿಗೆ ಒದ್ದೆ ಬಟ್ಟೆ ತುರುಕಿ ಕಿಟಕಿ ಅಥವಾ ಬಾಲ್ಕನಿಗೆ ಹೋಗಬೇಕು ಎಂಬುದೂ ಆ ಪಾಠದಲ್ಲಿದೆ. ಎಲ್ಲರೂ ಫೋಟೋ ತೆಗೆಯುವುದು ಸಿಲಿಂಡರಿನದು, ಜೀವ ಉಳಿಸುವುದು ಬಾಗಿಲಿನ ಪಾಠ.

ಬೆಂಗಳೂರಿನವರಿಗೆ ಈ ಪಾಠ ಹೊಸದಲ್ಲ. 2010ರ ಫೆಬ್ರವರಿ 23ರಂದು ಕಾರ್ಲ್ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲೂ ಹೋದದ್ದು ಒಂಬತ್ತು ಜೀವ. ಅಲ್ಲಿ ತಮ್ಮವರನ್ನು ಕಳೆದುಕೊಂಡವರು ‘ಬಿಯಾಂಡ್ ಕಾರ್ಲ್ಟನ್’ ಎಂಬ ಸಂಘಟನೆ ಕಟ್ಟಿ ಅಗ್ನಿಸುರಕ್ಷತೆಯ ಬೆನ್ನು ಹತ್ತಿದರು.

ಈ ಕಲಿಸುವ ಕೆಲಸಕ್ಕೆ ಪೊಲೀಸರೂ ನೆರವಾಗಬಲ್ಲರು. ಜನರನ್ನು ಕೂರಿಸಿ ಮಾತಾಡುವ ವಿದ್ಯೆ ಹೈದರಾಬಾದ್ ಪೊಲೀಸರಿಗೆ ಗೊತ್ತಿಲ್ಲದ್ದಲ್ಲ. ಗಣೇಶ ವಿಸರ್ಜನೆ, ಮೊಹರಂ ಹತ್ತಿರ ಬಂದಾಗ ಠಾಣೆಗಳಲ್ಲಿ ಶಾಂತಿ ಸಮಿತಿ ಸೇರುತ್ತದೆ. 2023ರಲ್ಲಿ ಮಿಲಾದ್ ಮತ್ತು ಗಣೇಶ ವಿಸರ್ಜನೆ ಸೆಪ್ಟೆಂಬರ್ 28ರಂದೇ ಬಿದ್ದಾಗ ಮುಸ್ಲಿಂ ಮುಖಂಡರು ಮೆರವಣಿಗೆಯನ್ನು ಅಕ್ಟೋಬರ್ 1ಕ್ಕೆ ಮುಂದೂಡಿದರು. ಊರು ಶಾಂತವಾಗಿ ಎರಡನ್ನೂ ಕಳುಹಿಸಿಕೊಟ್ಟಿತು. ‘ನೇನು ಸೈತಂ’, ಅಂದರೆ ‘ನಾನೂ ಸಹ’, ಎಂಬ ಹೆಸರಿನಲ್ಲಿ ಓಣಿಯವರೇ ದುಡ್ಡು ಹಾಕಿ ಸಿ.ಸಿ. ಕ್ಯಾಮೆರಾ ಹಾಕಿಸಿಕೊಂಡದ್ದೂ ಇದೆ. ಕಳ್ಳನಿಗೂ ಗಲಭೆಗೂ ಎಲ್ಲರೂ ಹೆದರುತ್ತಾರೆ, ಆದ್ದರಿಂದ ಸಭೆ ಸೇರುತ್ತದೆ, ವಂತಿಗೆ ಎದ್ದು ಬರುತ್ತದೆ. ಮೆಟ್ಟಿಲ ಕೆಳಗೆ ಪೇರಿಸಿದ ಡ್ರಮ್ಮಿಗೆ ಯಾರೂ ಹೆದರುವುದಿಲ್ಲ. ಅದನ್ನಿಟ್ಟವನು ನೆರೆಯವನು, ಬಾಡಿಗೆ ಸರಿಯಾಗಿ ಕೊಡುವವನು, ಹಬ್ಬಕ್ಕೆ ಸಿಹಿ ಕಳಿಸುವವನು. ಶಾಂತಿ ಸಮಿತಿಯ ಅದೇ ಮೇಜಿನ ಮೇಲೆ, ಅದೇ ಹಿರಿಯರ ಎದುರು, ಈ ಮಾತನ್ನೂ ಇಡಲು ಹೊಸ ಕಾನೂನೇನೂ ಬೇಕಿಲ್ಲ.

ಬೆಂಕಿಗೆ 101, ಯಾವ ಆಪತ್ತಿಗಾದರೂ 112. ಕರೆ ಮಾಡಿದವರು ಮನೆ ನಂಬರಿಗಿಂತ ಮೊದಲು ಗುರುತು ಹೇಳಬೇಕು. ನಾಂಪಲ್ಲಿಯಲ್ಲಿ ಅದಕ್ಕೆ ಬರವಿಲ್ಲ: ಯೂಸುಫೈನ್ ದರ್ಗಾ, ಹಜ್ ಹೌಸ್, ಏಕ್ ಮಿನಾರ್ ಮಸೀದಿ, ಗಾಂಧಿ ಭವನ. ಗಾಡಿ ಅಲ್ಲಿಯವರೆಗೆ ಬರುತ್ತದೆ. ಅಲ್ಲಿಂದ ಒಳಗೆ, ಓಣಿಯ ಬಾಯಿಗೆ ಅಡ್ಡ ನಿಂತ ಸ್ಕೂಟರುಗಳನ್ನು ಎತ್ತಿಡಲು ನಾಲ್ಕು ಜನ ಬೇಕು.