ಮಾಸ್ಕೋದ ಪುಶ್ಕಿನ್ ಪ್ರತಿಮೆ ಮತ್ತು ಅದರ ವಾರಸುದಾರರು

ಮಾಸ್ಕೋ ನಗರದ ನಡುಭಾಗದಲ್ಲಿ, ಟ್ವೆರ್ಸ್ಕಾಯಾ ಎಂಬ ಮುಖ್ಯ ಬೀದಿಯ ಮಗ್ಗುಲಿನ ಚೌಕದಲ್ಲಿ ನಿಂತಿರುವ ಕವಿ ಅಲೆಕ್ಸಾಂಡರ್ ಪುಶ್ಕಿನ್‌ನ ಕಂಚಿನ ಪ್ರತಿಮೆ ಯಾವ ದೊರೆಯ ಕೊಡುಗೆಯೂ ಅಲ್ಲ. ಓದುಗರು ವರ್ಷಗಟ್ಟಲೆ ಕೊಡುತ್ತ ಬಂದ ವಂತಿಗೆಯ ಹಣದಿಂದ ಅದು ಎದ್ದುನಿಂತು 1880ರಲ್ಲಿ ಅನಾವರಣಗೊಂಡಿತು. ಆಮೇಲೆ ಬಂದ ಆಳ್ವಿಕೆಗಳೂ ಆ ಆಳ್ವಿಕೆಗಳನ್ನು ಎದುರಿಸಿದವರೂ ಕವಿ ತಮ್ಮವನೆಂದೇ ಹೇಳಿಕೊಂಡು ಬಂದಿದ್ದಾರೆ. ಪ್ರತಿಮೆಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಹಕ್ಕುದಾರಿಕೆಯ ಇತಿಹಾಸವೇ.

ಪುಶ್ಕಿನ್ ಬದುಕಿದ್ದಷ್ಟು ಕಾಲವೂ ಅರಮನೆಗೆ ಅವನ ಮೇಲೆ ಸಂಶಯವಿತ್ತು. 1826ರಿಂದ ಅವನ ಬರಹಗಳ ಪರಿಶೀಲನೆಯನ್ನು ಚಕ್ರವರ್ತಿ ಮೊದಲನೇ ನಿಕೊಲಾಯ್ ತಾನೇ ವಹಿಸಿಕೊಂಡಿದ್ದ. 1837ರ ಜನವರಿಯಲ್ಲಿ ದ್ವಂದ್ವಯುದ್ಧದಲ್ಲಿ ಗುಂಡೇಟು ತಗುಲಿ ಕವಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ತೀರಿಕೊಂಡಾಗ, ಮನೆಯ ಮುಂದೆ ನೆರೆದ ಜನರನ್ನು ಕಂಡು ಅಧಿಕಾರಿಗಳು ಗಾಬರಿಗೊಂಡು, ಅಂತ್ಯವಿಧಿಯನ್ನು ಗೊತ್ತಾಗಿದ್ದ ಚರ್ಚಿನಿಂದ ಬೇರೊಂದಕ್ಕೆ ಬದಲಿಸಿದರು. ಶವಪೆಟ್ಟಿಗೆಯನ್ನು ಕಾವಲಿನೊಡನೆ ರಾತ್ರೋರಾತ್ರಿ ದೂರದ ಪ್ಸ್ಕೋವ್ ಪ್ರಾಂತದ ಮಠವೊಂದಕ್ಕೆ ಸಾಗಿಸಿ ಅಲ್ಲಿ ಸಮಾಧಿ ಮಾಡಲಾಯಿತು. ರಾಜಧಾನಿಯಿಂದ ಹೀಗೆ ಕದ್ದುಮುಚ್ಚಿ ಹೊರಗೆ ಕಳಿಸಲ್ಪಟ್ಟ ಕವಿಗೆ ಬಯಲಿನಲ್ಲಿ ಸ್ಮಾರಕ ಕಟ್ಟುವ ಮಾತು ಗಟ್ಟಿಯಾಗಲು ಎರಡು ದಶಕಗಳೇ ಬೇಕಾದವು.

1860ರ ದಶಕದ ಆರಂಭದಲ್ಲಿ ಆ ಮಾತನ್ನು ಎತ್ತಿಕೊಂಡವರು ತ್ಸಾರ್‌ಸ್ಕೊಯೆ ಸೆಲೊದ ಲಿಸಿಯಂನಲ್ಲಿ, ಎಂದರೆ ಪುಶ್ಕಿನ್ ಕಲಿತ ವಸತಿಶಾಲೆಯಲ್ಲಿ, ಓದಿದ ಹಳೆಯ ವಿದ್ಯಾರ್ಥಿಗಳು. ಮೊದಲ ಸುತ್ತಿನಲ್ಲಿ ಸಾಕಷ್ಟು ಹಣ ಕೂಡಲಿಲ್ಲ. 1870ರ ದಶಕದಲ್ಲಿ ಭಾಷಾವಿದ್ವಾಂಸ ಯಾಕೊವ್ ಗ್ರೋಟ್ ಮುಂತಾದವರಿದ್ದ ಹೊಸ ಸಮಿತಿ ಕೆಲಸವನ್ನು ಕೈಗೆತ್ತಿಕೊಂಡ ಮೇಲೆ ಒಂದು ಲಕ್ಷ ರೂಬಲ್‌ಗೂ ಮಿಕ್ಕ ಮೊತ್ತ ಸೇರಿತು. ಸ್ಮಾರಕ ಎಲ್ಲಿರಬೇಕು ಎಂಬ ಚರ್ಚೆಯಲ್ಲಿ ಕವಿಯ ಸಹಪಾಠಿಯಾಗಿದ್ದ ನೌಕಾಧಿಪತಿ ಫ್ಯೋದರ್ ಮತ್ಯೂಶ್ಕಿನ್ ಅವರು, ದೊರೆಗಳ ಮತ್ತು ದಂಡನಾಯಕರ ಪ್ರತಿಮೆಗಳಿಂದ ತುಂಬಿಹೋಗಿದ್ದ ರಾಜಧಾನಿಗಿಂತ ಕವಿ ಹುಟ್ಟಿದ ಊರಾದ ಮಾಸ್ಕೋವೇ ತಕ್ಕ ಜಾಗವೆಂದು ಸೂಚಿಸಿದರು. ಈ ಸಲಹೆಯ ಬೆಲೆ ದೊಡ್ಡದು. ಪೀಟರ್ಸ್‌ಬರ್ಗಿನಲ್ಲಿ ಪುಶ್ಕಿನ್ ಸಾಮ್ರಾಜ್ಯದ ಸಾಲು ಪ್ರತಿಮೆಗಳಲ್ಲಿ ಒಂದಾಗಿಬಿಡುವ ಅಪಾಯವಿತ್ತು.

ಹಲವು ಸುತ್ತುಗಳ ಸ್ಪರ್ಧೆಯ ಬಳಿಕ 1875ರಲ್ಲಿ ಗೆದ್ದವರು ಶಿಲ್ಪಿ ಅಲೆಕ್ಸಾಂಡರ್ ಒಪೆಕುಶಿನ್. ಯಾರೊಸ್ಲಾವ್ಲ್ ಸೀಮೆಯಲ್ಲಿ ಜೀತದಾಳಿನ, ಅಂದರೆ ಜಮೀನಿನೊಡನೆ ಒಡೆಯನ ಸ್ವತ್ತೆಂದೇ ಎಣಿಸಲ್ಪಡುತ್ತಿದ್ದ ರೈತನ, ಮಗನಾಗಿ ಹುಟ್ಟಿದ ಅವರು ಕವಿಯ ಕೈಗೆ ವೀಣೆಯನ್ನು ಕೊಡಲಿಲ್ಲ, ಪಕ್ಕದಲ್ಲಿ ಕಾವ್ಯದೇವತೆಯನ್ನೂ ನಿಲ್ಲಿಸಲಿಲ್ಲ. ಭುಜದ ಮೇಲೊಂದು ಮೇಲಂಗಿ, ಎದೆಯ ಬಳಿ ಒಳ ಅಂಗಿಯಲ್ಲಿ ತೂರಿಸಿದ ಬಲಗೈ, ಟೋಪಿಯನ್ನು ಹಿಡಿದು ಬೆನ್ನಹಿಂದೆ ಸರಿದ ಎಡಗೈ, ತುಸು ಬಾಗಿದ ತಲೆ: ದಾರಿಯಲ್ಲಿ ಹೋಗುತ್ತಿದ್ದವನು ಏನೋ ಹೊಳೆದು ನಿಂತಂತಿರುವ ಈ ನಿಲುವಿನಲ್ಲಿ ಅಧಿಕಾರದ ಗತ್ತು ಎಳ್ಳಷ್ಟೂ ಇಲ್ಲ. ಪೀಠವನ್ನು ರೂಪಿಸಿದವರು ವಾಸ್ತುಶಿಲ್ಪಿ ಇವಾನ್ ಬೊಗೊಮೊಲೊವ್.

ಕವಿಯ ಹುಟ್ಟುಹಬ್ಬಕ್ಕೆ ಗೊತ್ತಾಗಿದ್ದ ಅನಾವರಣ ಸಾಮ್ರಾಜ್ಞಿಯ ಮರಣದಿಂದ ಮುಂದೆ ಹೋಗಿ, 1880ರ ಜೂನ್ 6ರಂದು ನಡೆಯಿತು (ಆಗ ರಷ್ಯಾದಲ್ಲಿ ಬಳಕೆಯಲ್ಲಿದ್ದ ಹಳೆಯ ಪಂಚಾಂಗ ಇಂದಿನದಕ್ಕಿಂತ 12 ದಿನ ಹಿಂದಿತ್ತು). ಪುಶ್ಕಿನ್‌ನ ನಾಲ್ವರು ಮಕ್ಕಳೂ ಬಂದಿದ್ದರು. ಟಾಲ್‌ಸ್ಟಾಯ್ ಮಾತ್ರ ಕರೆದರೂ ಬರಲಿಲ್ಲ. ಮರುದಿನ ಉತ್ಸವದ ಸಭೆಯಲ್ಲಿ ಮಾತನಾಡಿದ ಕಾದಂಬರಿಕಾರ ತುರ್ಗೇನೆವ್, ಪುಶ್ಕಿನ್‌ನನ್ನು ಷೇಕ್ಸ್‌ಪಿಯರ್, ಗಯಟೆಯವರ ಸಾಲಿನ ರಾಷ್ಟ್ರಕವಿ ಎನ್ನಲು ತಮಗಿನ್ನೂ ಧೈರ್ಯವಿಲ್ಲವೆಂಬಂತೆ ಎಚ್ಚರದಿಂದ ಅಳೆದು ನುಡಿದರು. ಅದರ ಮರುದಿನ ದಾಸ್ತೊಯೆವ್‌ಸ್ಕಿ, ಅನ್ಯ ಜನಾಂಗಗಳ ಅಂತರಂಗವನ್ನು ತನ್ನದಾಗಿಸಿಕೊಳ್ಳುವ ಶಕ್ತಿ ಪುಶ್ಕಿನ್‌ನಲ್ಲಿ ಇದ್ದಷ್ಟು ಬೇರಾರಲ್ಲೂ ಇಲ್ಲ, ಅದೇ ರಷ್ಯನ್ ಜನತೆಗೆ ಲೋಕದಲ್ಲಿರುವ ಕರ್ತವ್ಯದ ಸೂಚನೆ ಎಂದು ಸಾರಿದಾಗ ಸಭೆ ಹುಚ್ಚೆದ್ದುಹೋಯಿತು. ತಮಗೆ ಅರ್ಪಿಸಿದ ದೊಡ್ಡ ಹೂಮಾಲೆಯನ್ನು ಅವರು ಅಂದು ರಾತ್ರಿಯೇ ಒಯ್ದು ಪ್ರತಿಮೆಯ ಪಾದದಲ್ಲಿಟ್ಟರೆಂದು ಅವರ ಪತ್ನಿ ನೆನಪುಗಳಲ್ಲಿ ಬರೆದಿದ್ದಾರೆ. ಕೆಲವೇ ತಿಂಗಳಲ್ಲಿ ಅವರು ತೀರಿಕೊಂಡರು. ಆ ಭಾಷಣದಲ್ಲಿ ಕವಿಯನ್ನು ಕುರಿತ ಆಳವಾದ ಒಳನೋಟವೂ ಒಂದು ರಾಷ್ಟ್ರದ ಹಿರಿಮೆಯ ಸಾರೋಣವೂ ಬೇರ್ಪಡಿಸಲಾಗದಂತೆ ಬೆರೆತಿವೆ, ಮುಂದಿನ ಅನೇಕ ತೊಡಕುಗಳ ಬೇರು ಅಲ್ಲಿಯೇ ಇದೆ.

ಪೀಠದ ಮೇಲೆ ಕೆತ್ತಿದ್ದು ಪುಶ್ಕಿನ್ 1836ರಲ್ಲಿ, ಸಾಯುವ ಹಿಂದಿನ ವರ್ಷ, ಬರೆದ ಕವಿತೆಯ ಸಾಲುಗಳು. ತನ್ನ ಸ್ಮಾರಕವನ್ನು ಕೈಯಿಂದಲ್ಲ, ಕಾವ್ಯದಿಂದ ತಾನೇ ಕಟ್ಟಿಕೊಂಡಿರುವೆನೆಂದು ಹೇಳುವ ಆ ಕವಿತೆ ಅವನ ಜೀವಿತಕಾಲದಲ್ಲಿ ಅಚ್ಚಾಗಿರಲಿಲ್ಲ. 1841ರಲ್ಲಿ ಅದನ್ನು ಪ್ರಕಟಿಸಿದಾಗ ಅವನ ಹಿರಿಯ ಗೆಳೆಯ, ಕವಿ ಜುಕೋವ್‌ಸ್ಕಿ, ಅರಮನೆಯ ಕಣ್ಣಿಗೆ ಬೀಳುವ ಜಾಗಗಳನ್ನು ತಿದ್ದಿದ್ದರು: ಚಕ್ರವರ್ತಿ ಅಲೆಕ್ಸಾಂಡರನ ಹೆಸರಿನ ಸ್ತಂಭವನ್ನು ನೆಪೋಲಿಯನ್ನನ ಸ್ತಂಭವಾಗಿಸಿ, ಕ್ರೌರ್ಯದ ಕಾಲದಲ್ಲೂ ಸ್ವಾತಂತ್ರ್ಯವನ್ನು ಕೊಂಡಾಡಿದ ಮಾತನ್ನು ತೆಗೆದು, ಕವಿತೆಯ ಸೊಗಸಿನಿಂದ ಉಪಯುಕ್ತನಾದೆನೆಂಬ ನಿರಪಾಯದ ಮಾತನ್ನು ಅಲ್ಲಿಟ್ಟರು. ಅವರ ಉದ್ದೇಶ ಗೆಳೆಯನ ಕವಿತೆಯನ್ನು ಉಳಿಸುವುದೇ ಆಗಿತ್ತೆಂಬುದನ್ನು ಒಪ್ಪಿದರೂ, ಓದುಗರ ದುಡ್ಡಿನಿಂದ ಎದ್ದ ಸ್ಮಾರಕದ ಮೇಲೆ ಕವಿ ಬರೆಯದ ಪಾಠವೇ ಕಲ್ಲಿನಲ್ಲಿ ನಿಂತದ್ದು ನೋವಿನ ಸಂಗತಿ.

ಈ ನಡುವೆ ಪ್ರತಿಮೆ ನಗರದ ಬದುಕಿನೊಳಗೆ ಸೇರಿಹೋಗಿತ್ತು. ಮಾಸ್ಕೋದಲ್ಲಿ 1892ರಲ್ಲಿ ಹುಟ್ಟಿದ ಕವಯಿತ್ರಿ ಮರೀನಾ ತ್ಸ್ವೆತಾಯೆವಾ ಬಾಲ್ಯದ ದಿನನಿತ್ಯದ ನಡಿಗೆ ಅಲ್ಲಿಯವರೆಗೆ ಇರುತ್ತಿತ್ತೆಂದು ‘ನನ್ನ ಪುಶ್ಕಿನ್’ ಎಂಬ ಪ್ರಬಂಧದಲ್ಲಿ ನೆನೆಯುತ್ತಾರೆ. ಬೆರಳುದ್ದದ ಬಿಳಿಯ ಪಿಂಗಾಣಿ ಬೊಂಬೆಯನ್ನು ಆ ಕರಿಯ ಬೃಹದಾಕಾರದ ಬುಡದಲ್ಲಿಟ್ಟು ದೊಡ್ಡದು, ಚಿಕ್ಕದು ಎಂಬುದನ್ನು ಮಗು ಅಳೆದು ಕಲಿಯಿತು. ಪುಶ್ಕಿನ್‌ನ ತಾಯಿಯ ಅಜ್ಜ ಆಫ್ರಿಕಾದಿಂದ ಬಂದು ಮಹಾನ್ ಪೀಟರನ ಆಸ್ಥಾನ ಸೇರಿದವನಾದ್ದರಿಂದ, ಕಂಚಿನ ಕಪ್ಪು ಬಣ್ಣವೇ ಆಕೆಗೆ ಪ್ರಿಯವಾಯಿತು. ಬಿಳಿಯರ ನಡುವೆ ಒಂಟಿಯಾಗಿ ನಿಂತ ಕವಿ ಆಕೆಗೆ ಕಂಡದ್ದು ಅಲ್ಲಿ.

ಕ್ರಾಂತಿಯ ನಂತರ ಬಂದ ಸೋವಿಯತ್ ಸರ್ಕಾರ ಪುಶ್ಕಿನ್‌ನನ್ನು ಕೈಬಿಡಲಿಲ್ಲ. 1931ರಲ್ಲಿ ಚೌಕಕ್ಕೆ ಅವನ ಹೆಸರಿಟ್ಟಿತು. ಸಾವಿನ ನೂರನೆಯ ವರ್ಷವಾದ 1937ನ್ನು ದೇಶವ್ಯಾಪಿ ಉತ್ಸವವಾಗಿ ಆಚರಿಸಿತು. ತಿದ್ದಿದ ಸಾಲುಗಳನ್ನು ತೆಗೆದು ಕವಿಯ ಮೂಲ ಪಾಠವನ್ನು ಪೀಠದ ಮೇಲೆ ಕೆತ್ತಿಸಿದ್ದೂ ಆ ಉತ್ಸವದ ಹೊತ್ತಿಗೇ. ಲಕ್ಷಾಂತರ ಜನರನ್ನು ಬಂಧಿಸಿ ಕೊಂದ ಸ್ಟಾಲಿನ್‌ನ ದಮನ ಉತ್ತುಂಗದಲ್ಲಿದ್ದ ವರ್ಷವದು. ಸ್ವಾತಂತ್ರ್ಯದ ಸಾಲು ಬೀದಿಗೆ ಮರಳಿದ್ದು ಅಂಥ ದಿನಗಳಲ್ಲಿ. ಪ್ರತಿಮೆ ಮುಖಮಾಡಿ ನಿಂತಿದ್ದ ಹಳೆಯ ಸ್ತ್ರಾಸ್ತ್ನೊಯ್ ಮಠವನ್ನು ಅದೇ ವರ್ಷ ಕೆಡವಲಾಯಿತು. 1950ರ ಆಗಸ್ಟಿನ ಒಂದು ರಾತ್ರಿ ಪ್ರತಿಮೆಯನ್ನು ಬೀದಿಯ ಆಚೆಬದಿಗೆ ಸಾಗಿಸಿ, ಮಠದ ಗಂಟೆಗೋಪುರವಿದ್ದ ಜಾಗದಲ್ಲಿ, ಮುಖವನ್ನು ಪೂರ್ತಿ ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದರು.

ಮರಳಿ ಬಂದ ಸಾಲಿಗೆ ಓದುಗರು ಸಿಕ್ಕದ್ದು ಇನ್ನೂ ತಡವಾಗಿ. ಹೊರದೇಶದಲ್ಲಿ ಗುಪ್ತನಾಮದಿಂದ ಕೃತಿಗಳನ್ನು ಪ್ರಕಟಿಸಿದರೆಂದು ಲೇಖಕರಾದ ಆಂದ್ರೇಯ್ ಸಿನ್ಯಾವ್‌ಸ್ಕಿ ಮತ್ತು ಯೂಲಿ ಡಾನಿಯೆಲ್ ಅವರನ್ನು 1965ರಲ್ಲಿ ಬಂಧಿಸಿದಾಗ, ಗಣಿತಜ್ಞ ಅಲೆಕ್ಸಾಂಡರ್ ಯೆಸೆನಿನ್–ವೋಲ್ಪಿನ್ ಅವರ ಪ್ರೇರಣೆಯಿಂದ ಡಿಸೆಂಬರ್ 5ರ ಸಂವಿಧಾನ ದಿನದಂದು ಕೆಲವರು ಪ್ರತಿಮೆಯ ಬಳಿ ಸೇರಿ, ವಿಚಾರಣೆ ಬಹಿರಂಗವಾಗಿ ನಡೆಯಲಿ, ಸಂವಿಧಾನವನ್ನು ಗೌರವಿಸಿ ಎಂದು ಬರೆದ ಫಲಕಗಳನ್ನು ಬಿಚ್ಚಿದರು. ಫಲಕಗಳನ್ನು ಕಿತ್ತುಕೊಂಡು ಹಲವರನ್ನು ಎಳೆದೊಯ್ಯಲು ನಿಮಿಷಗಳೇ ಸಾಕಾದವು. ಇಬ್ಬರು ಲೇಖಕರಿಗೂ ಕ್ರಮವಾಗಿ ಏಳು ಮತ್ತು ಐದು ವರ್ಷಗಳ ಶಿಕ್ಷೆಯಾಯಿತು. ಆದರೆ ಮುಂದಿನ ವರ್ಷಗಳಲ್ಲಿಯೂ ಅದೇ ದಿನ, ಅದೇ ಜಾಗದಲ್ಲಿ ಜನ ಸೇರಿ ಒಂದು ನಿಮಿಷ ಟೋಪಿ ತೆಗೆದು ಮೌನವಾಗಿ ನಿಲ್ಲುವುದು ರೂಢಿಯಾಯಿತು. 1966ರಲ್ಲಿ ಅಲ್ಲಿಗೆ ಬಂದ ಭೌತವಿಜ್ಞಾನಿ ಆಂದ್ರೇಯ್ ಸಖಾರೊವ್, ಮೌನ ಮುಗಿದ ಮೇಲೆ ಪೀಠದ ಹತ್ತಿರ ಹೋಗಿ ಕೆತ್ತಿದ ಸಾಲುಗಳನ್ನು ಗಟ್ಟಿಯಾಗಿ ಓದಿದರು. ಅದು ಘೋಷಣೆಯಲ್ಲ, ಸರ್ಕಾರವೇ ಕೆತ್ತಿಸಿದ ಪಾಠ. ಅದನ್ನು ಓದಿದವರ ಮೇಲೆ ಯಾವ ಆರೋಪ ಹೊರಿಸುವುದು?

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿಯಿಟ್ಟ ಸಂಜೆ ಯುದ್ಧವನ್ನು ವಿರೋಧಿಸಿದ ಮಾಸ್ಕೋದ ಜನ ಸೇರಿದ್ದೂ ಪುಶ್ಕಿನ್ ಚೌಕದಲ್ಲೇ, ಪೊಲೀಸರು ಅವರನ್ನು ಬಂಧಿಸಿದ್ದೂ ಅಲ್ಲೇ. ಅದೇ ವರ್ಷ ಉಕ್ರೇನಿನ ಊರೂರುಗಳಲ್ಲಿ ಪುಶ್ಕಿನ್ ಪ್ರತಿಮೆಗಳನ್ನು ಕೆಳಗಿಳಿಸಲಾಯಿತು. ಅಲ್ಲಿಯವರ ಪಾಲಿಗೆ ಅವು ಆಳಿದ ಸಾಮ್ರಾಜ್ಯದ ಗುರುತುಗಳು. ಆ ಕೋಪವನ್ನು ಅಜ್ಞಾನವೆಂದು ತಳ್ಳಿಹಾಕಲು ಬರುವುದಿಲ್ಲ. 1831ರಲ್ಲಿ ಪೋಲೆಂಡಿನ ಬಂಡಾಯವನ್ನು ರಷ್ಯಾ ಹತ್ತಿಕ್ಕುತ್ತಿದ್ದಾಗ ಪುಶ್ಕಿನ್ ಸಾಮ್ರಾಜ್ಯದ ಪರವಾಗಿಯೇ ಕವಿತೆ ಬರೆದಿದ್ದ. ಮಾಸ್ಕೋದ ಪೀಠದ ಮೇಲೂ ಸ್ವಾತಂತ್ರ್ಯದ ಸಾಲೊಂದೇ ಇಲ್ಲ. ವಿಶಾಲ ರಷ್ಯಾದ ಉದ್ದಗಲಕ್ಕೂ ತನ್ನ ಕೀರ್ತಿ ಹರಡಿ ಅಲ್ಲಿನ ಪ್ರತಿಯೊಂದು ನುಡಿಯೂ ತನ್ನ ಹೆಸರೆತ್ತುವುದೆಂದು ಹೇಳುವ ಸಾಲುಗಳೂ ಅದೇ ಪೀಠದಲ್ಲಿವೆ.