ನದಿಗೆ ಸಲ್ಲುವ ಬಾಡಿಗೆ

ಅಮೆರಿಕದ ಮಾಂಟಾನಾ ರಾಜ್ಯದ ವೆಸ್ಟ್ ಯೆಲ್ಲೋಸ್ಟೋನ್ ಎಂಬ ಊರಿನಲ್ಲಿ ಗಾಳದ ಸಾಮಗ್ರಿಗಳ ಸಣ್ಣ ಅಂಗಡಿಯನ್ನು ನಡೆಸುತ್ತಿದ್ದ ಕ್ರೇಗ್ ಮ್ಯಾಥ್ಯೂಸರು, ಉಡುಪುಗಳ ಉದ್ಯಮಿ ಇವಾನ್ ಶುಯಿನಾರ್ಡರೊಡನೆ 2002ರಲ್ಲಿ ಒಂದು ಸಂಘವನ್ನು ಸ್ಥಾಪಿಸಿದರು. ಸದಸ್ಯರು ವರ್ಷದ ಮಾರಾಟದಲ್ಲಿ ನೂರಕ್ಕೊಂದು ಪಾಲನ್ನು ಪರಿಸರ ರಕ್ಷಣೆಗೆ ಕೊಡಬೇಕೆಂಬುದು ಅದರ ನಿಯಮ.

ಇದು ಬರಿಯ ಔದಾರ್ಯವೇ? ನಾವು ವಿಚಾರಿಸೋಣ. ಅಲ್ಲಿಯ ನದಿಗಳ ಟ್ರೌಟ್ ಮೀನು ತಣ್ಣೀರಿನ ಜೀವಿ. ಸಮುದ್ರಮಟ್ಟದಲ್ಲಿ, 10 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲುದು. 25 ಡಿಗ್ರಿಯಲ್ಲಾದರೋ ಸುಮಾರು 8 ಮಾತ್ರ. ದಡದ ಮರಗಳನ್ನು ಕಡಿದರೆ ನೆರಳು ತಪ್ಪಿ ನೀರು ಕಾಯುವುದು. ಮೀನಿಗೆ ಉಸಿರು ಕಟ್ಟುವುದು. ಮೀನಿಲ್ಲದ ನದಿಗೆ ಗಾಳ ಕೊಳ್ಳುವವರಾರು?

ಲಾಭದಲ್ಲಲ್ಲದೆ ಮಾರಾಟದಲ್ಲಿಯೇ ಪಾಲೇಕೆ? ಲಾಭವಿಲ್ಲದ ವರ್ಷದಲ್ಲಿಯೂ ವ್ಯಾಪಾರವು ನದಿಯನ್ನೇ ನಂಬಿರುತ್ತದೆ. ಆದುದರಿಂದ ಇದನ್ನು ನಾವು ದಾನವೆನ್ನುವುದಕ್ಕಿಂತ ಬಾಡಿಗೆಯೆನ್ನುವುದೇ ಯುಕ್ತ.