ಕಳಚದ ಲೆನ್ಸಿನ ಕಸುವು

ಹೈದರಾಬಾದಿನ ಸುಲ್ತಾನ್ ಬಜಾರ್ ಬೀದರ್, ಕಲಬುರಗಿ ಕಡೆಯವರಿಗೆ ಪರವೂರಿನ ಪೇಟೆಯಲ್ಲ. 1956ರ ನವೆಂಬರ್ 1ರವರೆಗೆ ಅದು ಅವರದೇ ರಾಜಧಾನಿಯ ಪೇಟೆಯಾಗಿತ್ತು. ಆಮೇಲೂ ಮದುವೆ ಸೀರೆ, ಬಳೆ, ಕಾಲೇಜಿನ ಹಳೇ ಪುಸ್ತಕ ಎಂದರೆ ಈ ಪೇಟೆಯಿರುವ ಕೋಠಿಯ ಬಸ್ಸು ಹತ್ತುವುದು ತಪ್ಪಲಿಲ್ಲ. ಬ್ರಿಟಿಷ್ ರೆಸಿಡೆನ್ಸಿಯ ಮಗ್ಗುಲಲ್ಲಿ ಬೆಳೆದ ಈ ಪೇಟೆ 1933ರಲ್ಲಿ ನಿಜಾಮರ ಆಡಳಿತಕ್ಕೆ ಮರಳಿದ ಮೇಲೆ ಈಗಿನ ಹೆಸರು ಪಡೆಯಿತು. 2020ರಲ್ಲಿ ಮೆಟ್ರೊ ನಿಲ್ದಾಣವೂ ಬಂತು. ಅಲ್ಲೇ ಪಕ್ಕದ ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನಿನ ಜೊತೆ ಕ್ಯಾಮೆರಾದ ವ್ಯಾಪಾರ, ರಿಪೇರಿಯೂ ಉಂಟು.

ಇಂಥ ಗಲ್ಲಿಗೆ ಹಳೇ ಫಿಲ್ಮ್ ಕ್ಯಾಮೆರಾ ಹುಡುಕಿಕೊಂಡು ಹೋದವರ ಮುಂದೆ ಸಾಮಾನ್ಯವಾಗಿ ಎರಡು ಬಗೆಯವು ಬಂದು ಕೂರುತ್ತವೆ. ಒಂದು, ಲೆನ್ಸನ್ನು ತಿರುವಿ ಕಳಚಿ ಬೇರೆಯದನ್ನು ಹಾಕಬಹುದಾದ ಎಸ್‌ಎಲ್‌ಆರ್. ಇನ್ನೊಂದು, ಲೆನ್ಸು ಒಡಲಿಗೇ ಕೂತುಬಿಟ್ಟಿರುವ ಯಾಶಿಕಾ ಎಲೆಕ್ಟ್ರೊ 35, ಕ್ಯಾನನ್ ಕ್ಯಾನೊನೆಟ್, ಒಲಿಂಪಸ್ ಟ್ರಿಪ್ 35 ಥರದ್ದು. ‘ಮುಂದೆ ಬೇಕಾದರೆ ದೊಡ್ಡ ಲೆನ್ಸು ಹಾಕಿಕೊಳ್ಳಬಹುದಲ್ಲ’ ಎಂದು ಹೆಚ್ಚಿನವರು ಮೊದಲನೆಯದಕ್ಕೇ ಕೈಹಾಕುತ್ತಾರೆ. ಆ ‘ಮುಂದೆ’ ಬಹಳ ಜನಕ್ಕೆ ಬರುವುದೇ ಇಲ್ಲ. ಕೊಂಡಾಗ ಇದ್ದ 50 ಮಿ.ಮೀ. ಲೆನ್ಸಿನಲ್ಲೇ ಕ್ಯಾಮೆರಾದ ಆಯುಷ್ಯ ಕಳೆದುಹೋಗುತ್ತದೆ. ಕಡೆಗೂ ಬಳಸುವುದು ಒಂದೇ ಲೆನ್ಸು ಎಂದಾದರೆ ಎರಡನೆಯ ಬಗೆಯೇ ವಾಸಿ ಎನ್ನುವುದು ನನ್ನ ವಾದ. ಅದಕ್ಕೆ ಕಾರಣ ಹಳೆಯದರ ಮೇಲಿನ ಮೋಹವಲ್ಲ, ದ್ಯುತಿವಿಜ್ಞಾನ.

ಎಸ್‌ಎಲ್‌ಆರ್‌ನ ಒಳಗೆ, ಲೆನ್ಸಿಗೂ ಫಿಲ್ಮಿಗೂ ನಡುವೆ ಒಂದು ಓರೆಗನ್ನಡಿ ಇರುತ್ತದೆ. ಗುಂಡಿ ಒತ್ತಿದಾಗ ಅದು ಮೇಲಕ್ಕೆ ಹಾರಬೇಕು, ಹಾರಲು ಜಾಗ ಬೇಕು. ಹಾಗಾಗಿ ನಿಕಾನ್ ಎಸ್‌ಎಲ್‌ಆರ್‌ಗಳಲ್ಲಿ ಲೆನ್ಸು ಕೂರುವ ಬಳೆಯಿಂದ ಫಿಲ್ಮಿನವರೆಗೆ 46.5 ಮಿ.ಮೀ. ಅಂತರವಿದೆ. 50 ಮಿ.ಮೀ. ಲೆನ್ಸಿಗೆ ಇದೇನೂ ತೊಡಕಲ್ಲ. ತೊಡಕು ಶುರುವಾಗುವುದು 35 ಅಥವಾ 28ಕ್ಕೆ ಇಳಿದಾಗ. ನಾಭಿದೂರ 28 ಮಿ.ಮೀ. ಇರುವ ಲೆನ್ಸು ತನ್ನ ಬಿಂಬವನ್ನು ಅಷ್ಟು ಹಿಂದೆ ಮೂಡಿಸಬೇಕಾದರೆ, ಮುಂದೆ ದೊಡ್ಡ ತಗ್ಗು ಮಸೂರವಿಟ್ಟು ಬೆಳಕನ್ನು ಮೊದಲು ಚದುರಿಸಿ ಆಮೇಲೆ ಕೂಡಿಸಬೇಕು. ಗಾಜು ಹೆಚ್ಚಾಗುತ್ತದೆ, ತೂಕ ಏರುತ್ತದೆ, ಗೆರೆಗಳು ಅಂಚಿನಲ್ಲಿ ಬಾಗುವುದನ್ನು ತಿದ್ದಲು ಮತ್ತಷ್ಟು ಗಾಜು. ಕನ್ನಡಿಯೇ ಇಲ್ಲದ ಕ್ಯಾಮೆರಾದಲ್ಲಿ ಈ ಕಸರತ್ತು ಬೇಕಿಲ್ಲ. ಲೆನ್ಸಿನ ಹಿಂಗಾಜು ಫಿಲ್ಮಿನ ಹತ್ತಿರಕ್ಕೇ ಬರಬಹುದು. 1902ರಲ್ಲಿ ಝೈಸ್ ಕಂಪನಿಯ ಪಾಲ್ ರುಡಾಲ್ಫ್ ರೂಪಿಸಿದ ಟೆಸ್ಸಾರ್‌ನಲ್ಲಿ ಇರುವುದು ನಾಲ್ಕೇ ಗಾಜು. ಅದೇ ಮಾದರಿಯ ಪುಟ್ಟ ಲೆನ್ಸು ಟ್ರಿಪ್ 35ರಲ್ಲೂ ಇದೆ. ಅಂಗಿ ಜೇಬಿಗಲ್ಲದಿದ್ದರೂ ಜುಬ್ಬಾ ಜೇಬಿಗೆ ಹಿಡಿಸುವ ಕ್ಯಾಮೆರಾ ಹುಟ್ಟಿದ್ದು ಹೀಗೆ.

ಇನ್ನು ಕೂರಿಸುವ ನಿಖರತೆ. ಲೆನ್ಸನ್ನು ಪೂರ್ತಿ ತೆರೆದು ಚಿತ್ರ ತೆಗೆಯುವಾಗ ಫಿಲ್ಮು ಹಿಂದೆಮುಂದೆ ಎಷ್ಟು ಸರಿದರೆ ಚಿತ್ರ ಮಸುಕಾದೀತು? ಲೆಕ್ಕ ಸುಲಭ: ಎಫ್ ಸಂಖ್ಯೆಯನ್ನು (ಇದು ಚಿಕ್ಕದಾದಷ್ಟೂ ಲೆನ್ಸಿನ ರಂಧ್ರ ದೊಡ್ಡದು), ಕಣ್ಣು ಸಹಿಸುವ ಮಸುಕುಚುಕ್ಕೆಯ ಅಗಲದಿಂದ ಗುಣಿಸಬೇಕು. 35 ಮಿ.ಮೀ. ಫಿಲ್ಮಿಗೆ ಈ ಚುಕ್ಕೆ ಸುಮಾರು 0.03 ಮಿ.ಮೀ. ಎಲೆಕ್ಟ್ರೊ 35ರ ಲೆನ್ಸು ಎಫ್/1.7. ಗುಣಿಸಿದರೆ 0.05 ಮಿ.ಮೀ., ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಲೆನ್ಸು ಕಳಚುವ ಕ್ಯಾಮೆರಾದಲ್ಲಿ ಈ ಕೂದಲೆಳೆಯ ಅಂತರವನ್ನು ಸಾವಿರಾರು ಒಡಲು, ಸಾವಿರಾರು ಲೆನ್ಸುಗಳ ನಡುವೆ ಯಾವುದಕ್ಕೆ ಯಾವುದು ಜೋಡಿಯಾದರೂ ಕಾಯ್ದುಕೊಳ್ಳಬೇಕು. ಬಳೆ ಸವೆದಾಗಲೂ ಕಾಯ್ದುಕೊಳ್ಳಬೇಕು. ಅಂಟಿದ ಲೆನ್ಸಿನ ಕ್ಯಾಮೆರಾದಲ್ಲಾದರೋ ಕಾರ್ಖಾನೆಯವರು ಆ ಒಂದು ಲೆನ್ಸನ್ನು ಆ ಒಂದು ಒಡಲಿಗೆ ಹೊಂದಿಸಿ ಬಿಗಿದರೆ ಕೆಲಸ ಮುಗಿಯಿತು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಶಟರ್. ಲೆನ್ಸು ಕಳಚಿದಾಗ ಫಿಲ್ಮಿಗೆ ಬೆಳಕು ಬೀಳಬಾರದು, ಆದ್ದರಿಂದ ಎಸ್‌ಎಲ್‌ಆರ್‌ಗಳ ಶಟರ್ ಸಾಮಾನ್ಯವಾಗಿ ಫಿಲ್ಮಿನ ಮುಂದೆಯೇ ಇರುತ್ತದೆ: ಎರಡು ಪರದೆ, ಒಂದು ಸರಿದು ತೆರೆಯುತ್ತದೆ, ಇನ್ನೊಂದು ಬೆನ್ನಟ್ಟಿ ಮುಚ್ಚುತ್ತದೆ. ವೇಗ ಹೆಚ್ಚಿದಂತೆ ಮೊದಲ ಪರದೆ ಆಚೆ ತಲುಪುವ ಮೊದಲೇ ಎರಡನೆಯದು ಹೊರಟಿರುತ್ತದೆ. ಅಂದರೆ ಇಡೀ ಚೌಕಟ್ಟು ಒಂದೇ ಸಲಕ್ಕೆ ತೆರೆದಿರುವುದೇ ಇಲ್ಲ. ಆಗ ಫ್ಲ್ಯಾಷ್ ಹೊಡೆದರೆ ಚಿತ್ರದ ಒಂದು ಪಟ್ಟಿಗಷ್ಟೇ ಬೆಳಕು. ಪೆಂಟಾಕ್ಸ್ ಕೆ1000ರಂಥ ಕ್ಯಾಮೆರಾದಲ್ಲಿ ಫ್ಲ್ಯಾಷಿಗೆ ಸೆಕೆಂಡಿನ 1/60 ಭಾಗವೇ ಗಡಿ. ಅಂಟಿದ ಲೆನ್ಸಿನ ಕ್ಯಾಮೆರಾಗಳಲ್ಲಿ ಲೆನ್ಸಿನ ಗಾಜುಗಳ ಜೊತೆಗೇ ತೆಳು ಉಕ್ಕಿನ ಪತ್ತಿಗಳ ಶಟರ್ ಇರುತ್ತದೆ. ಅದು ನಡುವಿನಿಂದ ತೆರೆದು ನಡುವಿಗೇ ಮುಚ್ಚುತ್ತದೆ. ಯಾವ ವೇಗದಲ್ಲೂ ಒಂದು ಗಳಿಗೆ ಪೂರ್ತಿ ತೆರೆದೇ ಇರುತ್ತದೆ.

ಇದರಿಂದೇನು ಲಾಭ ಎನ್ನುವುದಕ್ಕೆ ಚಪ್ಪರದ ಮದುವೆಯೇ ಸಾಕ್ಷಿ. ಮಟಮಟ ಮಧ್ಯಾಹ್ನ, ಹಿಂದೆ ಸುಡುವ ಬಿಸಿಲು, ಮುಂದೆ ನೆರಳಿನಲ್ಲಿ ವಧೂವರರು. ಮುಖ ಕಾಣಬೇಕೆಂದರೆ ಫ್ಲ್ಯಾಷ್ ಬೇಕು. 100 ಐಎಸ್‌ಒ ಫಿಲ್ಮಿಗೆ ಆ ಬಿಸಿಲಿನಲ್ಲಿ 1/60 ವೇಗವಿಟ್ಟರೆ ಎಫ್/22ರಷ್ಟು ಕಿರಿದಾಗಿಸಬೇಕು. ಗೈಡ್ ನಂಬರ್, ಅಂದರೆ ಬೆಳಕಿನ ಬಲದ ಅಳತೆ, 28 ಇರುವ ಮಾಮೂಲಿ ಫ್ಲ್ಯಾಷಿನ ಬೆಳಕು ಆಗ ಮುಟ್ಟುವುದು 28 ಭಾಗಿಸು 22, ಅಂದರೆ ಸುಮಾರು 1.3 ಮೀಟರ್. ಅದೇ 1/500 ವೇಗದಲ್ಲಿ ಎಫ್/8 ಸಾಕು. ಅದೇ ಫ್ಲ್ಯಾಷ್ 3.5 ಮೀಟರ್ ಮುಟ್ಟುತ್ತದೆ. ವಧೂವರರ ಜೊತೆ ಬೀಗರೂ ಚಿತ್ರದೊಳಗೆ ಬರುತ್ತಾರೆ! 1970ರಲ್ಲಿ ಬಂದ ಯಾಶಿಕಾ ಮ್ಯಾಟ್ 124ಜಿ ಎಂಬ ಜೋಡಿಲೆನ್ಸಿನ ಕ್ಯಾಮೆರಾವನ್ನು ನಮ್ಮ ಸ್ಟುಡಿಯೊದವರು ಬಿಡದೆ ಹಿಡಿದಿದ್ದಕ್ಕೆ ಇದೂ ಒಂದು ಕಾರಣವಿರಬೇಕು. ಅದರ ಎರಡು ಲೆನ್ಸೂ ಅಂಟಿದವೇ. ಮೇಲಿನದು ನೋಡಲು, ಕೆಳಗಿನದು ತೆಗೆಯಲು. ಇನ್ನೊಂದು ಕಾರಣ ಅದರ ಚೌಕಟ್ಟು: 56 ಮಿ.ಮೀ. ಚೌಕ, 35 ಮಿ.ಮೀ. ಫಿಲ್ಮಿನ ಚೌಕಟ್ಟಿನ ಮೂರೂವರೆ ಪಟ್ಟು ವಿಸ್ತೀರ್ಣ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎನಿಸಿದ ಹೋಮಾಯ್ ವ್ಯಾರಾವಾಲಾ ಅವರ ಕೈಯಲ್ಲಿದ್ದ ರೋಲಿಫ್ಲೆಕ್ಸೂ ಇದೇ ಜಾತಿಯದು.

ಎಲ್ಲಕ್ಕಿಂತ ಸರಳವಾದದ್ದು ನಮ್ಮಲ್ಲೇ ತಯಾರಾಗುತ್ತಿತ್ತು. ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಮಾಡುತ್ತಿದ್ದ ಅಗ್ಫಾ ಕ್ಲಿಕ್ III ಎಷ್ಟೋ ಮನೆಗಳ ಮೊದಲ ಕ್ಯಾಮೆರಾ. ಫೋಕಸ್ ಮಾಡುವ ಗೋಜಿಲ್ಲ, ಒಂದು ರೋಲಿಗೆ 12 ಚಿತ್ರ. ಕಿರಿದಾದ ರಂಧ್ರವಿದ್ದರೆ ಕೆಲವು ಮೀಟರ್ ಆಚೆಯಿಂದ ದಿಗಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿ ಮೂಡುತ್ತದೆ ಎಂಬ ನಿಯಮವೇ ಅದರ ಬಂಡವಾಳ.

ಆ ನಿಯಮವನ್ನು ಸುಲ್ತಾನ್ ಬಜಾರಿನ ಜನಜಂಗುಳಿಯಲ್ಲೇ ಪರೀಕ್ಷಿಸಬಹುದು. 40 ಮಿ.ಮೀ. ಲೆನ್ಸು, ಎಫ್/8, ಮೂರು ಮೀಟರಿಗೆ ಫೋಕಸ್ ಇಟ್ಟು ಬಿಟ್ಟುಬಿಡಿ. ಸುಮಾರು 2 ಮೀಟರಿನಿಂದ 5.4 ಮೀಟರಿನವರೆಗೆ ಎದುರಿಗೆ ಬಂದದ್ದೆಲ್ಲ ಸ್ಪಷ್ಟ. ಬಳೆ ಅಂಗಡಿಯವನು ಕೈಯೆತ್ತಿದ ಕ್ಷಣದಲ್ಲಿ ಫೋಕಸ್ ಬಳೆ ತಿರುವುತ್ತ ಕೂರಬೇಕಿಲ್ಲ. ಅದೇ ಜಾಗದಲ್ಲಿ 135 ಮಿ.ಮೀ. ಲೆನ್ಸು ಹಾಕಿದರೆ ಸ್ಪಷ್ಟವಾಗಿ ಸಿಗುವ ಆಳ ಒಂದು ಗೇಣು ಮಾತ್ರ. ಇನ್ನೊಂದು ಲೆಕ್ಕವೂ ಇದೆ. 35 ಮಿ.ಮೀ. ಫಿಲ್ಮಿನ ಚೌಕಟ್ಟಿನ ಉದ್ದ 36 ಮಿ.ಮೀ., ಲೆನ್ಸು 40. ನೀವು ಎಷ್ಟು ದೂರ ನಿಂತಿದ್ದೀರೋ ಅದರ ಹತ್ತರಲ್ಲಿ ಒಂಬತ್ತು ಭಾಗ ಅಗಲ ಚಿತ್ರದಲ್ಲಿ ಬರುತ್ತದೆ. ಹತ್ತು ಹೆಜ್ಜೆ ದೂರಕ್ಕೆ ಒಂಬತ್ತು ಹೆಜ್ಜೆ ಅಗಲ. ಇದು ಮೈಗೂಡಿದ ಮೇಲೆ ಕ್ಯಾಮೆರಾ ಎತ್ತುವ ಮುಂಚೆಯೇ ಎಲ್ಲಿ ನಿಲ್ಲಬೇಕೆಂದು ಕಾಲಿಗೆ ಗೊತ್ತಿರುತ್ತದೆ. ಎಸ್‌ಎಲ್‌ಆರ್‌ಗೆ ಒಂದೇ ಲೆನ್ಸು ಹಾಕಿಕೊಂಡೂ ಇದನ್ನು ಕಲಿಯಬಹುದಲ್ಲ ಎನ್ನಬಹುದು. ಕಲಿಯಬಹುದು. ಚೀಲದಲ್ಲಿ ಇನ್ನೆರಡು ಲೆನ್ಸು ಇರುವವರು ಕಲಿಯುವುದು ಕಡಿಮೆ.

‘ನಡೆದಾಡಿದರೆ ಅದೇ ಜೂಮ್’ ಎಂಬ ಮಾತನ್ನು ಮಾತ್ರ ನಂಬಬೇಡಿ. ಹತ್ತಿರದ್ದು ಎಷ್ಟು ದೊಡ್ಡದು, ದೂರದ್ದು ಎಷ್ಟು ಚಿಕ್ಕದು ಎಂಬ ಪ್ರಮಾಣವನ್ನು ನಿರ್ಧರಿಸುವುದು ಲೆನ್ಸಲ್ಲ, ನೀವು ನಿಂತ ಜಾಗ. ಮೂಗು ಕಿವಿಗಿಂತ ಸುಮಾರು 12 ಸೆಂ.ಮೀ. ಮುಂದಿದೆ ಎಂದುಕೊಳ್ಳಿ. ಮೂಗಿನಿಂದ ಅರ್ಧ ಮೀಟರ್ ದೂರದಲ್ಲಿ ನಿಂತು ತೆಗೆದರೆ ಮೂಗು ಕಿವಿಗಿಂತ ಶೇ. 24ರಷ್ಟು ಹಿಗ್ಗಿ ಕಾಣುತ್ತದೆ. ಎರಡು ಮೀಟರಿನಿಂದ ತೆಗೆದರೆ ಬರೀ ಶೇ. 6. ಹಾಗಾಗಿ 40 ಮಿ.ಮೀ. ಲೆನ್ಸಿನಲ್ಲಿ ಮುಖವಷ್ಟೇ ತುಂಬುವ ಚಿತ್ರ ತೆಗೆಯಹೋದರೆ ಅಜ್ಜಿ ಬೈಯುವುದು ಖಂಡಿತ. ಪೂರ್ಣಚಂದ್ರ ತೇಜಸ್ವಿಯವರಂತೆ ಹಕ್ಕಿಯ ಹಿಂದೆ ಬೀಳುವವರಿಗಂತೂ ಇದು ಕೆಲಸಕ್ಕೆ ಬಾರದ ಸಾಮಾನು.

ಹಳೇ ಅಂಟುಲೆನ್ಸಿಗೆ ತನ್ನದೇ ರೋಗಗಳೂ ಇವೆ. ಬೇಸಿಗೆಯ ಕಾವಿಗೆ ಫೋಕಸ್ ಸುರುಳಿಯ ಗ್ರೀಸು ತೆಳುವಾಗಿ ಹರಿದು ಶಟರಿನ ಪತ್ತಿಗಳ ನಡುವೆ ಸೇರುತ್ತದೆ. ಕೂದಲಿಗಿಂತ ತೆಳುವಾದ ಎಣ್ಣೆಯ ಪದರವೇ ಸಾಕು, ಪತ್ತಿಗಳು ಒಂದಕ್ಕೊಂದು ಅಂಟಿ ಅಲುಗುವುದಿಲ್ಲ. ರಿಪೇರಿಯವರು ಮುಂದಿನ ಬಳೆ ಬಿಚ್ಚಿ, ಗಾಜು ತೆಗೆದು, ಲೈಟರ್ ಪೆಟ್ರೋಲಿನಲ್ಲಿ ಪತ್ತಿಗಳನ್ನು ತೊಳೆಯುತ್ತಾರೆ. ಒಣಗಿದ ಮೇಲೆ ಎಣ್ಣೆ ಹಾಕುವುದಿಲ್ಲ, ಪತ್ತಿಗಳು ಒಣಗಿಯೇ ಓಡಬೇಕು. ಮಲೆನಾಡು, ಕರಾವಳಿಯಿಂದ ಬಂದ ಕ್ಯಾಮೆರಾಗಳದ್ದು ಬೇರೆ ಕಥೆ, ಅವಕ್ಕೆ ಬೂಷ್ಟು. ಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬುವ ಅದು ಲೇಪನವನ್ನೇ ತಿಂದುಹಾಕಿದರೆ ಒರೆಸಿಯೂ ಪ್ರಯೋಜನವಿಲ್ಲ. ಎಸ್‌ಎಲ್‌ಆರ್ ಆಗಿದ್ದರೆ ಲೆನ್ಸೊಂದನ್ನು ಎಸೆದು ಒಡಲು ಉಳಿಸಿಕೊಳ್ಳಬಹುದು. ಇಲ್ಲಿ ಲೆನ್ಸು ಹೋದರೆ ಕ್ಯಾಮೆರಾವೇ ಹೋದಂತೆ. ಸೆಲ್ಲಿನ ತೊಡಕೂ ಇದೆ: ಕ್ಯಾನೊನೆಟ್ಟಿನ ಎಷ್ಟೋ ಮಾದರಿಗಳಿಗೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ಲು ಈಗ ಇಲ್ಲ, 1.5 ವೋಲ್ಟಿನದನ್ನು ತುರುಕಿದರೆ ಬೆಳಕಿನ ಮೀಟರು ಸುಳ್ಳು ಹೇಳುತ್ತದೆ. ಟ್ರಿಪ್ 35ಕ್ಕೆ ಸೆಲ್ಲೇ ಬೇಡ, ಲೆನ್ಸಿನ ಸುತ್ತಲಿನ ಸೆಲೆನಿಯಂ ಬಳೆ ಬೆಳಕಿನಿಂದಲೇ ವಿದ್ಯುತ್ ಹುಟ್ಟಿಸುತ್ತದೆ.

ಕೊಳ್ಳುವುದಾದರೆ ಚಿಕ್ಕ ಟಾರ್ಚೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಹಿಂಬಾಗಿಲು ತೆರೆದು, ಬಿ ಗುರುತಿದ್ದರೆ ಅಲ್ಲಿಗೆ ತಿರುವಿ, ಗುಂಡಿ ಒತ್ತಿ ಹಿಡಿದು ಲೆನ್ಸಿನ ಮೂಲಕ ಬೆಳಕು ಹಾಯಿಸಿ ನೋಡಿ. ಬೂಷ್ಟಿದ್ದರೆ ಆಗಲೇ ಕಾಣುತ್ತದೆ. ಪತ್ತಿಗಳ ಮೇಲೆ ಎಣ್ಣೆಯ ಹೊಳಪಿದೆಯೇ ನೋಡಿ. ಎಲೆಕ್ಟ್ರೊ 35 ಆದರೆ ಫಿಲ್ಮು ಸುತ್ತುವ ಸನ್ನೆ ಎಳೆಯುವಾಗ ಒಳಗಿನಿಂದ ‘ಟಕ್’ ಎಂಬ ಗಟ್ಟಿ ಸದ್ದು ಬರಬೇಕು. ಬರದಿದ್ದರೆ ಒಳಗಿನ ರಬ್ಬರ್ ತುಂಡು ಪುಡಿಯಾಗಿದೆ, ಅದರ ರಿಪೇರಿ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಗಾಜು ಶುಭ್ರವಾಗಿದ್ದರೆ ಉಳಿದ ಹೆಚ್ಚಿನ ಕಾಯಿಲೆಗಳಿಗೆ ಮದ್ದಿದೆ. ಗಾಜು ಕೆಟ್ಟಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನಿ.